ತಡವಾಗಿ ಏಳುವ ಡಿಸ್ಕು

ಬೆಳಗಿನ ಕಾಫಿ ಇನ್ನೂ ಬಾಯಿಗೆ ಇಟ್ಟಿರಲಿಲ್ಲ, ಮೇಲ್ ಬಂತು. ಯಾರೋ ಪುಣ್ಯಾತ್ಮ ಕರ್ನಲ್‌ನಿಂದ ಒಂದು ಸಾಲು ಕಿತ್ತುಹಾಕಲು ಒಪ್ಪಿಗೆ ಕೇಳಿ, ‘ಈ ಹಳೇ ಡಿಸ್ಕನ್ನು ಈಗ ಯಾರು ಬಳಸುತ್ತಾರೆ?’ ಎಂದು ಕಾರಣ ಬರೆದಿದ್ದಾನೆ. ಮೈಯೆಲ್ಲ ಉರಿಯಿತು. ಏಕೆಂದರೆ ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ನಾನೇ ಬರೆದಿದ್ದೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಅದನ್ನು ದಿನಾ ಯಾರಾದರೂ ತಿದ್ದುತ್ತಲೇ ಇರುತ್ತಾರೆ. ತಿದ್ದಿದ ಮೇಲೂ ಲೋಕದ ಡಿಸ್ಕುಗಳೆಲ್ಲ ತೆರೆಯುತ್ತವೆಯೇ ಎಂದು ಹೊಸಪೇಟೆಯಲ್ಲಿ ಕೂತು ನೋಡುವವನು ನಾನು. ಮನೆಯವರ ಪ್ರಕಾರ, ಕಂಪ್ಯೂಟರ್ ನೋಡಿ ಗೊಣಗುವುದು ನನ್ನ ಉದ್ಯೋಗ.

ನಮ್ಮ ಸೋದರಮಾವ ಶೀನು ಮಾಮಾ ಮದುವೆ ಫೋಟೊ ತೆಗೆಯುತ್ತಿದ್ದರು. ಸುತ್ತಲ ಹಳ್ಳಿಗಳ ಮದುವೆಗಳೆಲ್ಲ ಅವರ ಅಂಗಡಿಯ ಇಟ್ಟಿಗೆಯಂಥ ಡಿಸ್ಕಿನಲ್ಲಿದ್ದವು. ವೈರು ಚುಚ್ಚಿದ ಮೇಲೆ ಅದು ಟಿಕ್ ಟಿಕ್ ಎಂದು ಹತ್ತು ಸೆಕೆಂಡ್ ಮೈಮುರಿಯಬೇಕು. “ಕುಂದ್ರಿ, ಚಾ ಕುಡೀರಿ. ಅದಕ್ಕ ಏಳಾಕ ಹೊತ್ತು ಬೇಕು,” ಎನ್ನುತ್ತಿದ್ದರು ಮಾಮಾ. ಅಷ್ಟು ಹೊತ್ತು ಕಾಯಲು ಕರ್ನಲ್‌ಗೆ ಹೇಳುತ್ತಿದ್ದುದೇ ಆ ಸಾಲು. ಅದನ್ನು ತೆಗೆಯಲು ಅಂದು ಒಪ್ಪಿಗೆ ಕೊಟ್ಟ ಮಹಾನುಭಾವ ನಾನು. ಮಾಮಾನ ಡಿಸ್ಕು ಅದೇ ಮಾದರಿಯದು ಎಂದು ನೋಡುವ ವ್ಯವಧಾನವಿರಲಿಲ್ಲ. ಸಾಲದ್ದಕ್ಕೆ ಹೊಸ ಕರ್ನಲ್ಲನ್ನು ಅವರ ಅಂಗಡಿಗೆ ನಾನೇ ಹೋಗಿ ಹಾಕಿಬಂದೆ.

ಮರುವಾರ ಪಾಪಿನಾಯಕನಹಳ್ಳಿಯ ಹುಲಿಗೆಮ್ಮ ಬಂದಳು. ಅವಳ ತಾಯಿ ತೀರಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ಜನ ಬರುತ್ತಿದ್ದುದು ಮಾಮಾನ ಹತ್ತಿರವೇ. ಯಾವುದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ, ಹಿಂದೆ ನೀಲಿ ತುಂಬಿ, ಹಾರ ಹಾಕಲು ಕೊಡುತ್ತಿದ್ದರು.

“ನಾಳೆ ಅವ್ವನ ದಿವಸದ ಕಾರ್ಯ ಐತ್ರಿ. ಮನ್ಯಾಗ ನಮ್ಮವ್ವಂದು ಒಂದೂ ಫೋಟೊ ಇಲ್ಲ. ನನ್ನ ಮದುವ್ಯಾಗ ನೀವ ತೆಗೆದಿದ್ರಿ,” ಎಂದಳು.

ಡಿಸ್ಕು ತೆರೆಯಲೇ ಇಲ್ಲ. ನನ್ನನ್ನು ಕರೆಸಿದರು. ನಾನು ವೈರನ್ನು ಬೈದೆ, ಕರೆಂಟನ್ನು ಬೈದೆ. ಕೊನೆಗೆ, “ಕೆಳಗ ಬೀಳಿಸಿದ್ರೇನು ಮಾಮಾ?” ಎಂದೂ ಕೇಳಿದೆ.

“ನೀ ಬಂದು ಹೋದ ಮ್ಯಾಲೇ ಹಿಂಗಾಗೈತಿ ನೋಡು,” ಎಂದರು ಮಾಮಾ.

ಕರ್ನಲ್ಲಿನ ಬದಲಾವಣೆಗಳ ಪಟ್ಟಿ ತೆಗೆದು ನೋಡಿದರೆ, ಕಿತ್ತ ಆ ಸಾಲಿನ ಮುಂದೆ ನನ್ನದೇ ಹೆಸರು. ಹಳೇ ಕರ್ನಲ್ಲಿಗೆ ಮರಳಿದೆ. ಟಿಕ್ ಟಿಕ್ ಎಂದು ಡಿಸ್ಕು ತೆರೆಯಿತು. ಊಟದ ಪಂಕ್ತಿಯಲ್ಲಿ ಅವಳ ತಾಯಿ, ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಾಮಾ ಮುಖದ ಸುತ್ತ ಗೆರೆ ಎಳೆಯಹೋದರೆ ಹುಲಿಗೆಮ್ಮ ತಡೆದಳು. “ಕೈ ಕತ್ತರಿಸಬ್ಯಾಡ್ರಿ. ಹಂಗ ಇರ್ಲಿ.”

ಆಮೇಲೆ ಆ ಸಾಲನ್ನು ಕರ್ನಲ್ಲಿಗೆ ವಾಪಸು ಸೇರಿಸಿದೆ. ಹಾಗೆ ಸೇರಿಸುವಾಗ ದೋಷ ತಿಳಿಸಿದವರ ಹೆಸರನ್ನೂ ಬರೆಯುವುದು ನಮ್ಮಲ್ಲಿ ರೂಢಿ. ಬರೆದರೆ ನನ್ನ ಎಡವಟ್ಟು ಹೊರಗೆ ಬಿದ್ದೀತೆಂದು ಬಿಟ್ಟುಬಿಟ್ಟಿದ್ದೆ.

ಈಗ ಮಾಮಾ ಅಂಗಡಿ ಮುಚ್ಚಿದ್ದಾರೆ. ಆ ಡಿಸ್ಕು ನನ್ನ ಮೇಜಿನ ಮೇಲಿದೆ. ಇವತ್ತು ಆ ಪುಣ್ಯಾತ್ಮನಿಗೆ ಖಾರವಾಗಿ ನಾಲ್ಕು ಸಾಲು ಬರೆದೆ, ಅಳಿಸಿದೆ. ಬೈಯಲು ನನಗೆಲ್ಲಿದೆ ಮುಖ? ಡಿಸ್ಕಿಗೆ ವೈರು ಚುಚ್ಚಿ ಕೂತೆ. ಹತ್ತು ಸೆಕೆಂಡ್. ತೆರೆಯಿತು.

‘ಈ ಸಾಲು ಇರಲಿ. ಹಿಂದೊಮ್ಮೆ ಇದನ್ನು ತೆಗೆಸಿ ತಪ್ಪು ಮಾಡಿದವನು ನಾನೇ,’ ಎಂದು ಬರೆದೆ. ಕೆಳಗೆ, ಅಂದು ದೋಷ ತಿಳಿಸಿದವರು: ಹುಲಿಗೆಮ್ಮ, ಪಾಪಿನಾಯಕನಹಳ್ಳಿ.