ಭಾಂಡುಪಿಗೆ ಹೋದ ಚಾಚಾರ ಫೈಲು

ಮುಂಬಯಿಯ ಫೋರ್ಟಿನಲ್ಲಿದ್ದ ನಮ್ಮ ಆಫೀಸಿನ ರೆಕಾರ್ಡ್ ರೂಮನ್ನು ವಿಜಯಪುರ ಕಡೆಯ ಚಾಚಾ ಒಬ್ಬರು ನೋಡಿಕೊಳ್ಳುತ್ತಿದ್ದರು. ಫೈಲಿನ ನಂಬರ್ ಹೇಳಿದರೆ ಅವರಿಗೆ ತಲೆಗೇ ಹೋಗದು. "ಯಾರದ್ರೀ? ಹಿಂದ ಯಾರು ಕೇಳಿದ್ರು?" ಎನ್ನುವರು. ನಾಸಿಕಕ್ಕೆ ವರ್ಗ ಬೇಡವೆಂದು ಅತ್ತಿದ್ದರಲ್ಲ, ಆ ಬಾಯಿಯದು (ಹೆಂಗಸರನ್ನೆಲ್ಲ ಅವರು 'ಬಾಯಿ' ಎನ್ನುತ್ತಿದ್ದರು) ಎಂದರೆ ಸಾಕು, ಚಹಾ ಆರುವ ಮೊದಲೇ ಫೈಲು ಮೇಜಿನ ಮೇಲೆ.

ಹೊಸದಾಗಿ ಸೇರಿದ್ದ ನನಗೆ ಇದೆಂಥ ಪದ್ಧತಿ ಎಂದು ಮೈಯೆಲ್ಲ ಉರಿಯುತ್ತಿತ್ತು. ಮಾಟುಂಗದಲ್ಲಿ ಬೆಳೆದ ಉಡುಪಿ ಕಡೆಯವಳು ನಾನು. ಮಾತು ಜೋರು, ತಾಳ್ಮೆ ಕಡಿಮೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಎಂದು ಮೇಲಿನಿಂದ ಆದೇಶ ಬಂದದ್ದೇ ತಡ, ಟೊಂಕ ಕಟ್ಟಿ ನಿಂತೆ. "ಇನ್ನು ನಿಮ್ಮ ತಲೆಗೆ ರಜೆ ಚಾಚಾ!" ಎಂದು ಚುಡಾಯಿಸಿದ್ದೂ ಉಂಟು. ಅವರು ನಗುತ್ತಲೇ ಒಂದೊಂದು ಕಟ್ಟು ಬಿಚ್ಚಿ ಕೊಟ್ಟರು. ಸ್ಕ್ಯಾನ್ ಆದದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಭಾಂಡುಪಿನ ಗೋದಾಮಿಗೆ ಕಳಿಸಿಬಿಟ್ಟೆ.

ಮರುವರ್ಷ ಚಾಚಾ ನಿವೃತ್ತರಾಗುವ ತಿಂಗಳು ಬಂತು. ಪಿಂಚಣಿ ಮಂಜೂರಾಗಬೇಕಾದರೆ ಕೆಲಸಕ್ಕೆ ಸೇರಿದಾಗಿನ ಮೂಲ ಪತ್ರವೇ ಬೇಕು, ನಕಲು ನಡೆಯದು ಎಂದರು ಪಿಂಚಣಿ ವಿಭಾಗದವರು. ಕಂಪ್ಯೂಟರಿನಲ್ಲಿ ಅವರ ಫೈಲಿನ ಪುಟಪುಟವೂ ಇತ್ತು. ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎಂಬುದನ್ನು ಮಾತ್ರ ಈ ಜಾಣೆ ಎಲ್ಲೂ ಬರೆದಿಟ್ಟಿರಲಿಲ್ಲ. ಅಯ್ಯೋ ದೇವರೇ! ನಾಚಿಕೆಯಿಂದ ನನಗೆ ಎರಡು ದಿನ ಊಟ ಸೇರಲಿಲ್ಲ.

ಇಬ್ಬರೂ ಲೋಕಲ್ ಟ್ರೇನ್ ಹಿಡಿದು ಭಾಂಡುಪಿಗೆ ಹೋದೆವು. ಗೋದಾಮಿನ ತುಂಬ, ಸೂರಿನವರೆಗೂ ಒಂದೇ ಥರದ ಪೆಟ್ಟಿಗೆಗಳು. ನೋಡಿದ್ದೇ ನನ್ನ ಕಣ್ಣು ತುಂಬಿ ಬಂತು. ಬೈದಿದ್ದರೂ ಸಮಾಧಾನವಿತ್ತು, ಪುಣ್ಯಾತ್ಮ ಬೈಯಲೂ ಇಲ್ಲ.

"ಅಳಬ್ಯಾಡ್ರಿ ಬಾಯಿ. ನನ್ನ ಫೈಲ್ ಸ್ಕ್ಯಾನ್ ಮಾಡಿದ ದಿನ ಏನೇನ ಆತು, ಅದನ್ನ ಹೇಳ್ರಿ."

ಏನಾಗಿತ್ತು? ಅರ್ಜಿಗೆ ಅಂಟಿಸಿದ್ದ ಫೋಟೋದಲ್ಲಿ ಚಾಚಾರ ಗುಂಗುರು ಕೂದಲು ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಅದಕ್ಕೂ ಮುಂಚೆ ಯಾರ ಮೇಲೋ ಸಿಟ್ಟು ಬಂದಿತ್ತು. ಹೌದು, ಕ್ಯಾಂಟೀನಿನ ಅಡುಗೆಯವರ ಫೈಲು! ಅದರ ಎಣ್ಣೆ ಜಿಡ್ಡು ಮೆಷಿನ್ನಿಗೆ ಹತ್ತಿತೆಂದು ರೇಗಾಡಿದ್ದೆ.

"ಹಂಗಾರ ಎಣ್ಣಿ ಹುಡುಕೂಣು," ಎಂದರು ಚಾಚಾ.

ಒಂದೊಂದೇ ಪೆಟ್ಟಿಗೆ ಇಳಿಸಿ, ಫೈಲುಗಳ ಅಂಚು ನೋಡುತ್ತ ಹೋದೆವು. ಬೆವರಿಗೆ ಬಟ್ಟೆಯೆಲ್ಲ ತೊಪ್ಪೆ. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಜಿಡ್ಡು ಹಿಡಿದ ಫೈಲೊಂದು ಸಿಕ್ಕಿತು, ಅದರ ಬೆನ್ನಿಗೇ ಚಾಚಾರದ್ದು. ಮೂಲ ಪತ್ರ ಒಳಗೇ ಇತ್ತು. ನಾನು ಕಿರುಚಿದ ರಭಸಕ್ಕೆ ವಾಚ್‌ಮ್ಯಾನ್ ಓಡಿ ಬಂದ.

ಉಳಿದವರ ಫೈಲುಗಳೆಲ್ಲ ವರ್ಗ, ಬಡ್ತಿ, ತಕರಾರು ಅಂತ ಕೈಯಿಂದ ಕೈಗೆ ಹೋಗಿ ಚಿಂದಿಯಾಗಿದ್ದವು. ಚಾಚಾರ ಫೈಲಿನ ಮೂಲೆ ಕೂಡ ಮಡಚಿರಲಿಲ್ಲ.

ಜೀವಕ್ಕೆ ಹಾಯೆನಿಸಿ ಮತ್ತೆ ನನ್ನ ಬಾಯಿ ಶುರುವಾಯಿತು. "ಎಂಥ ಚಾಚಾ, ಆಫೀಸಿನವರ ಫೈಲೆಲ್ಲ ನಿಮಗೆ ಬಾಯಿಪಾಠ. ನಿಮ್ಮದನ್ನು ಯಾವ ಕಟ್ಟಿನಿಂದ ತೆಗೆದು ಕೊಟ್ರಿ ಅಂತ್ಲೂ ನೆನಪಿಲ್ವಾ?"

"ಯಾರರೆ ಕೇಳಿದ್ರ ನೆನಪಿರ್ತದರೀ ಬಾಯಿ," ಎಂದರು ಅವರು, ಫೈಲಿನ ಧೂಳು ಒರೆಸುತ್ತ. "ಇಷ್ಟ ವರ್ಷದಾಗ ನನ್ನ ಫೈಲ್ ಎಲ್ಲೈತಿ ಅಂತ ಕೇಳಿದವರು ನೀವೇ ಮೊದಲು."