ಬತ್ತಿದ ಬಾವಿಯ ಬಿಲ

ಕುಂದಾಣದ ಅಪ್ಪಯ್ಯಣ್ಣನವರದು ಚಪ್ಪಲಿ ಹಾಕುವಾಗಲೂ ಎಡಗಾಲಿನದು ಯಾವುದೆಂದು ನಿಂತು ಯೋಚಿಸುವ ಜೀವ. ಅಂಥವರು ಮೊನ್ನೆ ಯೋಚಿಸದೆ ಒಂದು ಕೆಲಸ ಮಾಡಿಬಿಟ್ಟರು.

ಮನೆಯೊಳಗೆ ಮತ್ತೆಮತ್ತೆ ಬಾವಲಿ ನುಗ್ಗುತ್ತಿತ್ತು. ಅಪಶಕುನವೆಂದು ಹೆಂಡತಿ ವರಲಕ್ಷ್ಮಮ್ಮ ತಾವೂ ಕೂರಲಿಲ್ಲ, ಗಂಡನನ್ನೂ ಕೂರಲು ಬಿಡಲಿಲ್ಲ.

"ಹಿತ್ತಲ ಬಾವೀಲೇ ಇರ್ತವೆ ಕಣ್ರೀ. ಹೋಗಿ ತೂತು ಮುಚ್ಬಿಟ್ಟು ಬನ್ನಿ."

ಒಂದು ಕಾಲಕ್ಕೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಆ ಹಳೇ ಕಪಿಲೆ ಬಾವಿ ಬೋರ್‌ವೆಲ್ ಬಂದಮೇಲೆ ಬತ್ತಿಹೋಗಿತ್ತು. ಮೆಟ್ಟಿಲಿಳಿದರೆ ಮಣ್ಣಿನ ಗೋಡೆಯಲ್ಲಿ ಮುಷ್ಟಿಯಗಲದ ಬಿಲ. ಒಳಗಿಂದ ಗಬ್ಬು ನಾತ. ಇನ್ನೇನು ಬೇಕು? ಕೆಮ್ಮಣ್ಣು ಕಲಸಿ ಮೆತ್ತಿ ಬಂದರು.

ಊಟ ಮುಗಿಸಿ ಹಿತ್ತಲಿಗೆ ಬಂದರೆ ತಂತಿಯ ಮೇಲೊಂದು ಮಿಂಚುಳ್ಳಿ. ಕೊಕ್ಕಿನಲ್ಲಿ ಓತಿಮರಿ. ಬಾವಿಯೊಳಕ್ಕೆ ಹಾರಿ ಹೋಗಿ ಮೆತ್ತಿದ ಮಣ್ಣಿಗೆ ಬಡಿದುಕೊಂಡು, ಮತ್ತೆ ತಂತಿಗೇ ಬರುತ್ತಿತ್ತು. ಅಪ್ಪಯ್ಯಣ್ಣನವರಿಗೆ ತಲೆಬುಡ ತಿಳಿಯಲಿಲ್ಲ. ಮೀನು ಹಿಡಿಯುವ ಹಕ್ಕಿಗೆ ನೀರಿಲ್ಲದ ಬಾವಿಯಲ್ಲೇನು ಕೆಲಸ? ಓತಿ ಯಾಕೆ ಹಿಡಿಯಿತು? ಹಿಡಿದ ಮೇಲೆ ನುಂಗೋಕೇನು ರೋಗ?

ಬಿಲದ ಕೆಳಗೆ ಬೆಳ್ಳಗೆ ಸುಣ್ಣ ಸುರಿದಂತೆ ಹಿಕ್ಕೆ ಇದ್ದದ್ದು ಆಗ ನೆನಪಾಯಿತು. ಗುಡಿಯ ಮೂಲೆಯಲ್ಲಿ ಬಾವಲಿ ಹಿಕ್ಕೆ ಕರ್ರಗಿರುತ್ತದಲ್ಲ!

"ಅಯ್ಯೋ ಶಿವನೇ, ಒಳಗಿರೋದು ಇದರ ಮರಿಗಳಾ?"

ಆದರೂ ಅನುಮಾನ ಹೋಗಲಿಲ್ಲ. ತೆಗೆದು ಬಾವಲಿ ಹೊರಬಿದ್ದರೆ ಮನೆಯಲ್ಲಿ ರಾಮಾಯಣ. ಮರಿಯಿದ್ದೂ ತೆಗೆಯದಿದ್ದರೆ ತಾನೆಂಥ ಮನುಷ್ಯ? ಮೆಟ್ಟಿಲು ಇಳಿದರು, ಹತ್ತಿದರು, ಮತ್ತೆ ಇಳಿದರು. ಹಾರೆ ಹಾಕಲು ಭಯವಾಗಿ ಬೆರಳಿನಿಂದಲೇ ಕೆರೆದರು. ಬಿಸಿಲಿಗೆ ಮಣ್ಣು ಗಟ್ಟಿಯಾಗಿತ್ತು. ಉಗುರು ಕಿತ್ತು ರಕ್ತ ಬಂತು. ಬಿಲ ತೆರೆದು ಕಿವಿಯಿಟ್ಟರೆ ಸದ್ದೇ ಇಲ್ಲ.

ಸತ್ತೇಹೋದವೇನೋ ಎಂದು ಮೇಲೆ ಬಂದು ಬಾವಿಯಂಚಿನ ಹೊಂಗೆ ಮರದ ಹಿಂದೆ ಕುಸಿದು ಕೂತರು. ಹಕ್ಕಿ ಬಂತು. ಬಿಲದೊಳಗೆ ಹೋಯಿತು. ಅಪ್ಪಯ್ಯಣ್ಣನವರು ಮರದ ಮರೆಯಿಂದ ಕತ್ತು ಚಾಚಿದರು. ಹೊರಬಂದಾಗ ಅದರ ಕೊಕ್ಕಿನಲ್ಲಿ ಓತಿ ಇರಲಿಲ್ಲ. ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬಾವಲಿ ಮನೆಯೊಳಗೆ ಹಾಜರು! ವರಲಕ್ಷ್ಮಮ್ಮ ಪೊರಕೆ ಎತ್ತಿದರು.

"ಬಿಲ ಮುಚ್ಚಿದ್ರಿ ತಾನೆ?"

"ಮುಚ್ಚಿದ್ದೆ, ತೆಗೆದ್ಬಿಟ್ಟೆ. ಅದು ಬೇರೆಯವರ ಮನೆ ಕಣೆ. ಮರಿ ಅವೆ. ಇದು ಎಲ್ಲಿಂದ ಬರುತ್ತೋ ನಂಗಂತೂ ಗೊತ್ತಾಗ್ತಿಲ್ಲ."

ವರಲಕ್ಷ್ಮಮ್ಮ ಗಂಡನ ಬೆರಳು ನೋಡಿದರು. ಪೊರಕೆ ಕೆಳಗಿಟ್ಟು, ಬಾವಲಿ ಹೊರಗೆ ಹೋಗಲೆಂದು ಕಿಟಕಿ ತೆರೆದರು.