ಎತ್ತಿನ ಗಾಡಿಯ ಅಳತೆ

ಭದ್ರಾವತಿಯ ದಾರಿಯಲ್ಲಿ ಒಬ್ಬ ಹೆಂಗಸು ರಸ್ತೆಯ ಮೇಲೆಯೇ ಹುರುಳಿ ಗಿಡ ಹರಡಿದ್ದಳು. ಬಸ್ಸಿನ ಗಾಲಿ ಹಾದರೆ ಒಕ್ಕುವ ಕೆಲಸ ತಪ್ಪುತ್ತದಂತೆ. ಕಾಳಿಗೆ ಬಂದಿದ್ದ ಬೆಳವಕ್ಕಿಗಳಲ್ಲಿ ಒಂದು ನಮ್ಮ ಬಸ್ಸಿಗೆ ಸಿಕ್ಕಿ ಸತ್ತಿತು. ಇಂಜಿನ್ನಿಗೆ ನೀರು ಹಾಕಲು ಡ್ರೈವರು ಅಲ್ಲೇ ನಿಲ್ಲಿಸಿದಾಗ ನಾನು ಇಳಿದೆ.

"ಇದ್ಯಾಕಮ್ಮ ಹಾರ್ಲಿಲ್ಲ?" ಎಂದು ಕೇಳಿದೆ.

"ಗಾಡಿ ಬಂದ್ರೆ ಹಾರ್ತವಲ್ಲ ಸ್ವಾಮಿ, ಇದಕ್ಕೇನಾಯ್ತೋ," ಎಂದಳು.

ಅಷ್ಟರಲ್ಲಿ ಎತ್ತಿನ ಗಾಡಿಯೊಂದು ಬಂತು. ಮತ್ತೆ ಕಾಳಿಗಿಳಿದಿದ್ದ ಉಳಿದ ಹಕ್ಕಿಗಳು ಎತ್ತಿನ ಗೊರಸು ಇನ್ನೇನು ತಾಗಬೇಕು ಎನ್ನುವವರೆಗೂ ತಿನ್ನುತ್ತಲೇ ಇದ್ದು, ಆಮೇಲೆ ಹಾರಿದವು. ಸತ್ತದ್ದು ಬಸ್ಸಿಗೂ ಇದೇ ಅಳತೆ ಹಿಡಿದಿತ್ತು.

ಎದುರಿನಿಂದ ಇನ್ನೊಂದು ಬಸ್ಸು ಧೂಳೆಬ್ಬಿಸುತ್ತ ಬರುತ್ತಿತ್ತು. ಅವಳು ನಡುರಸ್ತೆಯಲ್ಲಿ ಬಗ್ಗಿ ಹುರುಳಿ ತಿರುವಿಹಾಕುತ್ತಿದ್ದಳು.

"ಬಸ್ಸು ಬಂತಮ್ಮ," ಎಂದೆ.

"ಇನ್ನೂ ದೂರ ಇದೆ ಬಿಡಿ," ಎಂದಳು, ತಲೆ ಎತ್ತದೆ.